ಬೊಂಬೆಗೆ ಸಿಕ್ಕ ಸ್ಟೂಲು

ನಮ್ಮ ಅತ್ತಿಗೆ ಹೋದ ವರ್ಷದವರೆಗೂ ನಿಂತೇ ಊಟ ಮಾಡುತ್ತಿದ್ದರು. ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಬಲಗಾಲಿನ ಮೇಲೆ ಭಾರ ಹಾಕಿ, ಎಡಗಾಲಿನ ಹಿಮ್ಮಡಿಯನ್ನು ತುಸು ಎತ್ತಿ ತಿನ್ನುವರು. ನಾಲ್ಕು ತುತ್ತು ಒಳಗೆ ಹೋದ ಮೇಲೆ ಕಾಲು ಬದಲಾಯಿಸುವರು. ಪಕ್ಕದಲ್ಲೇ ಕುರ್ಚಿ ಖಾಲಿ ಬಿದ್ದಿರುತ್ತಿತ್ತು. ಕೂತು ತಿನ್ನಿ, ಯಾರೂ ತಟ್ಟೆ ಕಿತ್ತುಕೊಳ್ಳುವುದಿಲ್ಲ ಎಂದು ನಾನು ಎಷ್ಟು ಸಲ ರೇಗಿದ್ದೇನೋ ಲೆಕ್ಕವಿಲ್ಲ. ಕೂತರೆ ಮತ್ತೆ ಏಳುವಾಗ ಪ್ರಾಣ ಹೋಗುತ್ತದೆ ಕಣೇ, ಅದಕ್ಕಿಂತ ನಿಂತಿರುವುದೇ ವಾಸಿ ಎನ್ನುವರು. ಈ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಅವರ ಮೇಲಲ್ಲ, ಅವರನ್ನು ಹಾಗೆ ಮಾಡಿಟ್ಟವರ ಮೇಲೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಪೇಟೆಬೀದಿಯ ಮೂಲೆಯಲ್ಲಿರುವ ದೊಡ್ಡ ಬಟ್ಟೆ ಅಂಗಡಿಯ ಎರಡನೆಯ ಮಹಡಿಯಲ್ಲಿ ಅವರಿಗೆ ಸೇಲ್ಸ್ ಕೆಲಸ. ಬೆಡ್‌ಶೀಟು, ಹೊದಿಕೆ, ದಿಂಬಿನ ಕವರು, ಪರದೆ ಬಟ್ಟೆ, ಒಂದು ಮೂಲೆಯಲ್ಲಿ ನೈಟಿ. ಅದೇ ಮಹಡಿಯ ಬಿಲ್ ಕೌಂಟರಿನಲ್ಲಿ ನಾನಿದ್ದೇನೆ, ಈಗಲೂ. ನನ್ನನ್ನು ಅಲ್ಲಿಗೆ ಸೇರಿಸಿದ್ದು ಅತ್ತಿಗೆಯೇ. ಮದುವೆಗೆ ಮುಂಚಿನಿಂದ ಅವರು ಅಲ್ಲಿ ದುಡಿಯುತ್ತಿದ್ದರು. ಅಣ್ಣ ಅವರಿಗೆ ಗಂಟು ಬಿದ್ದದ್ದೂ ಅದೇ ಮಹಡಿಯಲ್ಲಿ. ಅಣ್ಣ ಸಿಟಿ ಬಸ್ಸಿನ ಡ್ರೈವರು. ಆಗ ಒಂಟಿ ಮನುಷ್ಯ, ಸಿಂಗಲ್ ಬೆಡ್‌ಶೀಟು ತರಲು ಹೋದವನು ಡಬಲ್ ಬೆಡ್‌ಶೀಟು ತೆಗೆದುಕೊಂಡು ಬಂದ. ಇದ್ಯಾಕೋ ಎಂದು ಅಮ್ಮ ಕೇಳಿದರೆ, ಮುಂದೆ ಬೇಕಾಗುತ್ತೆ ಅಂತ ಆ ಹುಡುಗಿ ಹೇಳಿದಳು ಎಂದು ಪೆದ್ದುಪೆದ್ದಾಗಿ ನಕ್ಕ. ಅಷ್ಟು ಚೆನ್ನಾಗಿ ಮಾರುತ್ತಿದ್ದರು ನಮ್ಮ ಅತ್ತಿಗೆ.

ಆದರೆ ಆ ಅಂಗಡಿಯಲ್ಲಿ ಕೂರುವಂತಿರಲಿಲ್ಲ. ಹಿಂದಿನ ಮೆಟ್ಟಿಲ ಹತ್ತಿರ, ನಾವು ಚಪ್ಪಲಿ ಬಿಡುವ ಜಾಗದಲ್ಲಿ, ಗಾಜಿನ ಚೌಕಟ್ಟು ಹಾಕಿದ ಒಂದು ಬೋರ್ಡು ಇದೆ. ದೇವರ ಪಟಕ್ಕೂ ಅಷ್ಟು ಒಳ್ಳೆಯ ಚೌಕಟ್ಟು ಯಾರೂ ಹಾಕಿಸುವುದಿಲ್ಲ. ಸಿಬ್ಬಂದಿ ಮಹಡಿಯ ಮೇಲೆ ಕೂರಬಾರದು. ಗೋಡೆಗಾಗಲಿ, ಕಂಬಕ್ಕಾಗಲಿ, ಶೆಲ್ಫಿಗಾಗಲಿ ಒರಗಬಾರದು. ಇಬ್ಬರು ಒಟ್ಟಿಗೆ ನಿಂತು ಮಾತಾಡಬಾರದು. ಶೌಚಾಲಯಕ್ಕೆ ಹೋಗುವವರು ಮೊಳೆಗೆ ನೇತುಹಾಕಿದ ಕೆಂಪು ಬ್ಯಾಡ್ಜು ಹಾಕಿಕೊಂಡು ಹೋಗಬೇಕು, ಮಹಡಿಗೆ ಒಂದೇ ಬ್ಯಾಡ್ಜು. ಅಂದರೆ ಒಬ್ಬಳು ವಾಪಸು ಬರುವ ತನಕ ಇನ್ನೊಬ್ಬಳು ಹಲ್ಲು ಕಚ್ಚಿಕೊಂಡು ಗಿರಾಕಿಗೆ ನಗುತ್ತಾ ಬೆಡ್‌ಶೀಟು ಹರವಬೇಕು. ಇದನ್ನೆಲ್ಲ ಬರೆದವರು ಯಾರೋ ನಾನು ಕಾಣೆ. ಬರೆಯುವಾಗ ಅವರು ಖಂಡಿತ ಕುರ್ಚಿಯ ಮೇಲೆ ಕೂತಿದ್ದರು ಎಂದಷ್ಟೇ ಹೇಳಬಲ್ಲೆ.

ನನಗೊಂದು ಕುರ್ಚಿ ಇತ್ತು. ಅದು ನನ್ನ ಮೇಲಿನ ಕರುಣೆಯಿಂದಲ್ಲ. ಬಿಲ್ ಮಿಷನ್ನಿನ ಮೇಜು ತಗ್ಗಾಗಿತ್ತು, ನಿಂತರೆ ಕೈಗೆ ಎಟುಕುತ್ತಿರಲಿಲ್ಲ. ಮನೆಯಲ್ಲಿ ಅಣ್ಣನಿಗೆ ಕೂತು ಕೂತು ಸೊಂಟ ನೋವು, ಅತ್ತಿಗೆಗೆ ನಿಂತು ನಿಂತು ಕಾಲು ನೋವು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಅಣ್ಣ ಮುಲಾಮು ತಿಕ್ಕಿಕೊಳ್ಳುತ್ತಾ ಹೇಳುವನು.

ನಿಯಮ ಕಾಯುವವನು ಮಹಡಿಯ ಸೂಪರ್‌ವೈಸರ್. ಅವನು ಯಾವತ್ತೂ ಯಾರ ಮೇಲೂ ಕೂಗಾಡಿದ್ದಿಲ್ಲ. ಕೂಗಾಡಿದ್ದರೆ ತಿರುಗಿ ಬೈಯಬಹುದಿತ್ತು. ಯಾರಾದರೂ ಕಂಬಕ್ಕೆ ಬೆನ್ನು ತಾಗಿಸಿದರೆ ಸಾಕು, ಹಿಂದಿನಿಂದ ಬಂದು ಮೆಲ್ಲಗೆ ಕೆಮ್ಮುವನು. ಆ ಕೆಮ್ಮಿಗೆ ಇಡೀ ಮಹಡಿ ನೆಟ್ಟಗಾಗುತ್ತಿತ್ತು. ಅತ್ತಿಗೆಯೇ ಅವನಿಗೆ ಕೆಮ್ಮಣ್ಣ ಎಂದು ಹೆಸರಿಟ್ಟದ್ದು. ಅವನ ಪ್ರಕಾರ ಕೂತ ಹುಡುಗಿಯನ್ನು ಕಂಡರೆ ಗಿರಾಕಿಗೆ ಈ ಅಂಗಡಿಯಲ್ಲಿ ವ್ಯಾಪಾರವಿಲ್ಲ ಎನಿಸುತ್ತದಂತೆ. ಕಾಲು ಊದಿದ ಹುಡುಗಿಯನ್ನು ಕಂಡರೆ ಏನನಿಸುತ್ತದೋ, ಅದನ್ನು ಅವನು ಹೇಳಲಿಲ್ಲ.

ಹಾಗೆಂದು ನಮ್ಮ ಹುಡುಗಿಯರೇನು ಪೆದ್ದರಲ್ಲ. ಕೂರಬಾರದು ಎಂದರೆ ಕೂರದೇ ಇರಲಾಗುತ್ತದೆಯೇ? ಅತ್ತಿಗೆ ಒಂದು ಉಪಾಯ ಕಂಡುಹಿಡಿದಿದ್ದರು. ಗಿರಾಕಿ ಬಂದು ಬೆಡ್‌ಶೀಟು ತೋರಿಸಿ ಎಂದರೆ, ಮೇಲಿನ ಎರಡು ಮೂರನ್ನು ಹರವಿ, ಆಮೇಲೆ ಗುಟ್ಟು ಹೇಳುವ ಹಾಗೆ ದನಿ ತಗ್ಗಿಸಿ, "ಇರಿ, ಕೆಳಗಡೆ ಒಳ್ಳೇ ಡಿಸೈನ್ ಇದೆ, ತೆಗೀತೀನಿ" ಎನ್ನುವರು. ಎಂದು ಕೆಳಗಿನ ಶೆಲ್ಫಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುವರು. ಒಂದೊಂದೇ ತೆಗೆದು, ಇದಲ್ಲ, ಇದೂ ಅಲ್ಲ ಎಂದು ನಿಧಾನವಾಗಿ ಹುಡುಕುವರು. ಅಷ್ಟು ಹೊತ್ತು ಕಾಲಿಗೆ ವಿಶ್ರಾಂತಿ. ಕೆಲಸ ಮಾಡುತ್ತಾ ಕೂತವಳಿಗೆ ಕೆಮ್ಮಣ್ಣ ಕೆಮ್ಮುವಂತಿರಲಿಲ್ಲ. ನೋಡನೋಡುತ್ತಾ ಎಲ್ಲ ಹುಡುಗಿಯರೂ ಇದನ್ನು ಕಲಿತರು. ಗಿರಾಕಿಗಳಾದರೂ ಅಷ್ಟು ಕಷ್ಟಪಟ್ಟು ಹುಡುಕಿ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಕೊಳ್ಳುವರು.

ಆ ವರ್ಷ ಕೆಳಗಿನ ಶೆಲ್ಫಿನ ಮಾಲು ಎಲ್ಲಕ್ಕಿಂತ ಹೆಚ್ಚು ಮಾರಿಹೋಯಿತು. ಮಾಲೀಕರು ಖುದ್ದಾಗಿ ಮೇಲೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಶೆಲ್ಫುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೆಳಗಿನ ಶೆಲ್ಫಿಗೆ ಅದೇನೋ ಅದೃಷ್ಟವಿದೆ ಎಂದು ತೀರ್ಮಾನಿಸಿ, ಅಂಗಡಿಯ ಅತ್ಯಂತ ದುಬಾರಿ ಮಾಲನ್ನೆಲ್ಲ ಅಲ್ಲಿಗೆ ಇಳಿಸಿದರು, ಅಗ್ಗದ್ದನ್ನು ಮೇಲಕ್ಕೆ ಹತ್ತಿಸಿದರು. ನಾವು ದಿಂಬಿನ ಕವರಿನಲ್ಲಿ ಮುಖ ಹುದುಗಿಸಿ ನಕ್ಕೆವು. ಅದೃಷ್ಟವಂತೆ, ಅದೃಷ್ಟ! ಹೆಣ್ಣುಮಕ್ಕಳ ಕಾಲು ನೋವಿಗೆ ಈ ಹೆಸರು ಇಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಗು ಬಹಳ ದಿನ ಉಳಿಯಲಿಲ್ಲ. ಅತ್ತಿಗೆಯ ಎಡಗಾಲಿನ ನರಗಳು ಮೊದಲಿನಿಂದಲೂ ಉಬ್ಬಿಕೊಂಡಿದ್ದವು. ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ, ತುರಿಕೆ ಹತ್ತಿ, ಒಂದು ದಿನ ಕಾಸಿನಗಲ ಹುಣ್ಣಾಯಿತು. ಹಚ್ಚದ ಮುಲಾಮಿಲ್ಲ, ಕಟ್ಟದ ಪಟ್ಟಿಯಿಲ್ಲ. ಭಾನುವಾರ ಸ್ವಲ್ಪ ಒಣಗುವುದು, ಸೋಮವಾರ ಸಂಜೆಗೆ ಪಟ್ಟಿ ಒದ್ದೆ. ಕೊನೆಗೆ ನಾನೇ ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಪಟ್ಟಿ ಬಿಚ್ಚಿ ನೋಡಿ, ಏನು ಕೆಲಸ ಎಂದು ಕೇಳಿ, ಕೇಳಿದ ಮೇಲೆ ಸುಮ್ಮನೆ ತಲೆಯಾಡಿಸಿದರು. ದಿನದಲ್ಲಿ ಆಗಾಗ ಕೂತು ಕಾಲು ಎತ್ತಿಡದಿದ್ದರೆ ಯಾವ ಔಷಧವೂ ನಾಟುವುದಿಲ್ಲ, ಹೀಗೇ ಬಿಟ್ಟರೆ ಹುಣ್ಣು ಮೂಳೆಗೆ ಇಳಿಯುತ್ತದೆ, ಆಮೇಲೆ ಕಾಲಿನ ಆಸೆ ಬಿಡಬೇಕಾಗುತ್ತದೆ ಎಂದರು. ಹಾಗೆಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟರು.

ಚೀಟಿಯನ್ನು ಕೆಮ್ಮಣ್ಣ ಎರಡು ಸಲ ಓದಿದ. ಅಯ್ಯೋ ಪಾಪ ಎಂದ. ಅವನ ತಾಯಿಗೂ ಇದೇ ತೊಂದರೆಯಿತ್ತಂತೆ. ಎಲ್ಲ ಹೇಳಿ ಚೀಟಿ ಮಡಿಸಿ ವಾಪಸು ಕೊಟ್ಟ.

"ನಿಮಗೆ ಬಿಟ್ರೆ ನಾಳೆ ಎಲ್ರೂ ಚೀಟಿ ತರ್ತಾರೆ ಅಕ್ಕಾ. ರೂಲ್ಸು ಎಲ್ರಿಗೂ ಒಂದೇ."

ಎಲ್ಲರಿಗೂ ಒಂದೇ! ಎಲ್ಲರ ಕಾಲೂ ಒಂದೇ ಥರ ಇದ್ದರೆ ಸರಿ. ಅವನಿಗೆ ಅಲ್ಲೇ ನಾಲ್ಕು ಮಾತು ಬಿಗಿಯಬೇಕೆಂದು ನಾನು ಎದ್ದಿದ್ದೆ, ಅತ್ತಿಗೆ ಕಣ್ಣಲ್ಲೇ ಬೇಡ ಎಂದರು. ನನಗೆ ನಾಲಿಗೆ ಉದ್ದ, ಅವರಿಗೆ ತಾಳ್ಮೆ ಉದ್ದ. ಯಾವುದರಿಂದಲೂ ಹುಣ್ಣು ಮಾಯಲಿಲ್ಲ.

ಹೀಗಿರುವಾಗ ಸರ್ಕಾರದ ಹೊಸ ನಿಯಮ ಬಂತು. ಅಂಗಡಿಗಳಲ್ಲಿ ನಿಂತು ದುಡಿಯುವವರಿಗೆಲ್ಲ ಮಾಲೀಕರು ಆಸನ ಒದಗಿಸಬೇಕು ಎಂದು. ಟಿವಿಯಲ್ಲಿ ಅದನ್ನು ಕೇಳಿ ಅಣ್ಣ ಮನೆಯಲ್ಲಿ ಕುಣಿದದ್ದೇ ಕುಣಿದದ್ದು, ಅವನ ಸೊಂಟ ನೋವು ಎಲ್ಲಿ ಹೋಗಿತ್ತೋ. ಸ್ವಲ್ಪ ಹೊತ್ತಾದ ಮೇಲೆ ನಾನು ಕೋಣೆಗೆ ಹೋದರೆ, ಅತ್ತಿಗೆ ಮಂಚದ ಅಂಚಿನಲ್ಲಿ ಕೂತು ನಮ್ಮ ಡಬಲ್ ಬೆಡ್‌ಶೀಟನ್ನು ಮಡಚುತ್ತಿದ್ದರು. ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು. ಇದೇನು ಅತ್ತಿಗೆ ಎಂದೆ. ಕೂತುಕೊಂಡು ಅಷ್ಟಗಲದ್ದನ್ನು ಮಡಚಲು ಕೈ ಬರಬೇಕಲ್ಲ, ಅಭ್ಯಾಸವಿಲ್ಲ, ಗಿರಾಕಿಯ ಮುಂದೆ ಸೊಟ್ಟಂಬಟ್ಟ ಆದರೆ ಮರ್ಯಾದೆ ಹೋಗುತ್ತದೆ ಎಂದರು. ನನಗೆ ಅಳು ಬಂದುಬಿಟ್ಟಿತು. ಕೂರುವುದನ್ನೂ ಕಲಿಯಬೇಕಾಗಿ ಬಂತಲ್ಲ ಈ ಹೆಂಗಸಿಗೆ ಎಂದು.

ಸ್ಟೂಲುಗಳು ಬಂದವು. ಸ್ಟೀಲಿನ ಕಾಲು, ಕೆಂಪು ಸೀಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಮೊದಲ ದಿನ ಕೆಮ್ಮಣ್ಣ ಪ್ಲಾಸ್ಟಿಕ್ ಬಿಚ್ಚಬಾರದು, ಕೊಳೆಯಾಗುತ್ತದೆ ಎಂದ. ಸರಿ, ಪ್ಲಾಸ್ಟಿಕ್ಕಿನ ಮೇಲೇ ಕೂರುತ್ತೇವೆ ಎಂದರೆ, ಮಹಡಿಯಲ್ಲಿ ಗಿರಾಕಿ ಇರುವಾಗ ಕೂರುವಂತಿಲ್ಲ ಎಂದ. ಗಿರಾಕಿ ಇಲ್ಲದ ಹೊತ್ತು ಆ ಮಹಡಿಯಲ್ಲಿ ಇತ್ತೇ? ಇದ್ದರೂ ಆಗ ಹರವಿದ್ದನ್ನೆಲ್ಲ ಮಡಚಬೇಕು, ಮಡಚುವ ಮೇಜು ಎದೆಯೆತ್ತರ, ಕೂತರೆ ಗಲ್ಲ ಮಾತ್ರ ಅದಕ್ಕೆ ತಾಗುತ್ತದೆ. ಹೀಗೆ ಒಂದು ವಾರ ಸ್ಟೂಲುಗಳು ಗೋಡೆಯ ಸಾಲಿಗೆ ಸುಮ್ಮನೆ ನಿಂತವು. ಆಮೇಲೆ ಮಾಲೀಕರು ಬಂದರು. ಖಾಲಿ ಸ್ಟೂಲು ನೋಡಲು ಚೆನ್ನಾಗಿಲ್ಲ, ಜಾಗ ದಂಡ ಎಂದರು. ಮರುದಿನ ಬೆಳಗ್ಗೆ ನಾವು ಹೋಗುವಷ್ಟರಲ್ಲಿ ಒಂದೊಂದು ಸ್ಟೂಲಿನ ಮೇಲೂ ನೈಟಿ ಹಾಕಿದ ಒಂದೊಂದು ಬೊಂಬೆ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿತ್ತು.

ನಾನು ಕಟ್ಟುಕತೆ ಹೇಳುತ್ತಿಲ್ಲ. ಬೊಂಬೆ ಕೂತಿತ್ತು, ಅದರ ಪಕ್ಕದಲ್ಲಿ ಹುಣ್ಣಿನ ಕಾಲಿನ ನಮ್ಮ ಅತ್ತಿಗೆ ನಿಂತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಆ ತುತ್ತನ್ನು ಪ್ಲಾಸ್ಟಿಕ್ಕಿನ ಬಾಯಿಗೆ ಇಟ್ಟರು. ಈ ಸಲ ನಾನು ಯಾರ ಕಣ್ಸನ್ನೆಗೂ ಕಾಯಲಿಲ್ಲ, ಕೆಮ್ಮಣ್ಣನನ್ನು ನಿಲ್ಲಿಸಿ ಕೇಳಿದೆ. ಸ್ಟೂಲು ಇಡಬೇಕು ಎಂದು ನಿಯಮ, ಇಟ್ಟಿದ್ದೇವೆ, ಬೊಂಬೆ ಕೂರಿಸಬಾರದು ಎಂದು ಎಲ್ಲಿದೆ ಎಂದು ಅವನು ನನ್ನನ್ನೇ ಕೇಳಿದ. ಅತ್ತಿಗೆ ಆ ದಿನ ಬೊಂಬೆಯ ಧೂಳು ಒರೆಸುತ್ತಾ, "ಸ್ವಲ್ಪ ಸರ್ಕೋ ತಾಯಿ, ನಿಂಗೆ ಪುಣ್ಯ ಬರುತ್ತೆ" ಎಂದರು. ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ಹಿಂದಿನಿಂದ ಕೆಮ್ಮು ಕೇಳಿಸಿತು.

ಹುಣ್ಣು ಕಾಸಿನಗಲದಿಂದ ಅಂಗೈಯಗಲವಾಗುವ ಹೊತ್ತಿಗೆ ಕಾರ್ಮಿಕ ಇಲಾಖೆಯ ತಪಾಸಣೆಯ ಸಾಹೇಬರು ಬರುವ ಸುದ್ದಿ ಬಂತು. ಸುದ್ದಿ ನಮಗಲ್ಲ, ಅಂಗಡಿಗೆ. ಅಂಥ ಸುದ್ದಿ ಅದು ಹೇಗೋ ಸಾಹೇಬರಿಗಿಂತ ಮೊದಲೇ ಮೆಟ್ಟಿಲು ಹತ್ತಿಬಿಡುತ್ತದೆ. ಬೊಂಬೆಗಳು ಸ್ಟೋರ್ ರೂಮಿಗೆ ಹೋದವು. ಪ್ಲಾಸ್ಟಿಕ್ಕನ್ನು ಪರಪರ ಹರಿದರು. ಒಂದೊಂದು ಸ್ಟೂಲಿನ ಮೇಲೆ ಒಬ್ಬೊಬ್ಬಳು ಹುಡುಗಿ. ಎಲ್ಲರಿಗಿಂತ ಹಳಬರು ಎಂದು ಅತ್ತಿಗೆಯನ್ನು ಮೆಟ್ಟಿಲು ಹತ್ತಿದ ಕೂಡಲೇ ಕಾಣುವ ಹಾಗೆ ಮುಂದೆ ಕೂರಿಸಿದರು. ನಗುತ್ತಾ ಇರಿ ಎಂದು ಬೇರೆ ಅಪ್ಪಣೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಎಡಗಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದಾಗ ಅವರ ಮುಖ ನೋಡಬೇಕಿತ್ತು ನೀವು. ಕಣ್ಣು ಮುಚ್ಚಿಕೊಂಡರು. ಅಷ್ಟು ಹಿತವಾಗಿತ್ತು ಅವರಿಗೆ.

ಸಾಹೇಬರು ಏದುಸಿರು ಬಿಡುತ್ತಾ ಹತ್ತಿ ಬಂದರು. ದಪ್ಪ ಮನುಷ್ಯರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ ಎಲ್ಲಾದರೂ ಕೂರಲು ಜಾಗವಿದೆಯೇ ಎಂದು ಸುತ್ತ ನೋಡಿದರು. ಕೆಮ್ಮಣ್ಣ ಓಡಿ ಬಂದ. ಬಂದವನು ಯಾರ ಕುರ್ಚಿ ಎಳೆದುಕೊಂಡು ಹೋದ ಹೇಳಿ? ನನ್ನದು. ನಾನು ಬಿಲ್ ಮಿಷನ್ನಿನ ಮುಂದೆ ಗೂನು ಬೆನ್ನು ಮಾಡಿಕೊಂಡು ನಿಂತೆ. ಕೂರುವ ಹಕ್ಕನ್ನು ಪರೀಕ್ಷಿಸಲು ಬಂದವರು ನನ್ನ ಕುರ್ಚಿಯಲ್ಲಿ ಕೂತು ನೀರು ಕುಡಿದರು.

ನೀರು ಕುಡಿದ ಮೇಲೆ ಎದುರಿಗಿದ್ದ ಅತ್ತಿಗೆಯನ್ನು ಕೇಳಿದರು, ಕೂರೋಕೆ ಬಿಡ್ತಾರೇನಮ್ಮಾ ಎಂದು. ಕೆಮ್ಮಣ್ಣ ಅವರ ಹಿಂದೆ ನಿಂತು ಅತ್ತಿಗೆಯನ್ನೇ ನೋಡುತ್ತಿದ್ದ.

"ಇವತ್ತು ಬಿಟ್ಟಿದಾರೆ ಸಾರ್. ದಿನಾ ಇದ್ರ ಮೇಲೆ ಬೊಂಬೆ ಕೂತಿರುತ್ತೆ" ಎಂದು ಅತ್ತಿಗೆ ಯೂನಿಫಾರ್ಮಿನ ಅಂಚನ್ನು ತುಸು ಎತ್ತಿ ಪಟ್ಟಿ ತೋರಿಸಿದರು. ಪಟ್ಟಿ ಆಗಲೇ ಒದ್ದೆಯಾಗಿತ್ತು.

ಸಾಹೇಬರು ಪಟ್ಟಿ ನೋಡಿದರು, ಕೆಮ್ಮಣ್ಣನನ್ನು ನೋಡಿದರು, ಕೊನೆಗೆ ಸ್ಟೂಲನ್ನು ನೋಡಿದರು. ಅವರಿಗೆ ಬೇಜಾರಾದದ್ದು ನಿಜ, ಸುಳ್ಳು ಹೇಳಬಾರದು. ಆದರೆ ಬೇಜಾರನ್ನು ಕರವಸ್ತ್ರದ ಜೊತೆಗೆ ಜೇಬಿಗೆ ಹಾಕಿಕೊಂಡರು.

"ಆಸನ ಒದಗಿಸಬೇಕು ಅಂತಿದೆಯಮ್ಮಾ. ಒದಗಿಸಿದಾರೆ. ಯಾರು ಕೂರ್ತಾರೆ ಅನ್ನೋದು ನನ್ನ ವ್ಯಾಪ್ತಿಗೆ ಬರಲ್ಲ."

ದೂರು ಇದ್ದರೆ ಕಚೇರಿಗೆ ಬಂದು ಕೊಡಬಹುದಂತೆ. ಕಚೇರಿ ತೆರೆದಿರುವ ಹೊತ್ತಿನಲ್ಲಿ ನಾವು ಅಂಗಡಿಯಲ್ಲಿ ನಿಂತಿರುತ್ತೇವೆ, ನಾವು ಬಿಡುವ ಹೊತ್ತಿಗೆ ಕಚೇರಿಗೆ ಬೀಗ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುತ್ತಾರೆ. ನಮಗೆ ಅಂಗಡಿಯಲ್ಲೊಬ್ಬ ಪೂಜಾರಿ, ಕಚೇರಿಯಲ್ಲೊಬ್ಬ ಪೂಜಾರಿ. ಸಾಹೇಬರು ಇಳಿದು ಹೋದರು. ನನ್ನ ಕುರ್ಚಿ ಅಲ್ಲೇ ಮಹಡಿಯ ನಡುವೆ ಉಳಿಯಿತು.

ಕೆಮ್ಮಣ್ಣ ಕೆಮ್ಮಿದ. ಹುಡುಗಿಯರೆಲ್ಲ ತಟ್ಟನೆ ಎದ್ದರು. ಅತ್ತಿಗೆ ಏಳಲಿಲ್ಲ. ಅವನು ಹತ್ತಿರ ಬಂದು ಮತ್ತೊಮ್ಮೆ ಕೆಮ್ಮಿದ. ಅವರು ಹೋದರು, ಇನ್ನು ಏಳಿ ಅಕ್ಕಾ ಎಂದ. ಕೂತ್ಕೊಳ್ಳಿ ಅಂದವರು ನೀವೇ, ಕೂತಿದೀನಿ ಎಂದರು ಅತ್ತಿಗೆ, ದನಿ ಏರಿಸದೆ. ಅಷ್ಟರಲ್ಲಿ ವಯಸ್ಸಾದ ಗಂಡ ಹೆಂಡತಿ ಪರದೆ ಬಟ್ಟೆ ಕೇಳಿಕೊಂಡು ಬಂದರು. ಅತ್ತಿಗೆ ಕೂತಲ್ಲಿಂದಲೇ ನಿಮ್ಮ ಕಿಟಕಿಗೆ ಬೆಳಗಿನ ಬಿಸಿಲೋ ಸಂಜೆ ಬಿಸಿಲೋ ಎಂದು ವಿಚಾರಿಸಿದರು. ಒಬ್ಬ ಹುಡುಗಿ ಪರದೆ ಬಟ್ಟೆಯ ಥಾನು ತಂದು ಅತ್ತಿಗೆಯ ಮಡಿಲಿಗೇ ಹಾಕಿದಳು. ಆ ಹೆಂಗಸು ಪಕ್ಕದ ಸ್ಟೂಲು ಎಳೆದುಕೊಂಡು ಕೂತು, ಅವರ ಮಡಿಲಿನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಅಕ್ಕತಂಗಿಯರ ಹಾಗೆ ಮಾತಾಡಿ, ಇಡೀ ಮನೆಗೆ ಸಾಲುವಷ್ಟು ಪರದೆ ತೆಗೆದುಕೊಂಡು ಹೋದರು. ಬಿಲ್ ಹಾಕಿದವಳು ನಾನೇ, ನಿಂತುಕೊಂಡು. ಆಕಾಶವೇನೂ ಕಳಚಿ ಬೀಳಲಿಲ್ಲ. ವ್ಯಾಪಾರವಿಲ್ಲದ ಅಂಗಡಿ ಎಂದು ಯಾರೂ ಮೂಗು ಮುರಿಯಲಿಲ್ಲ. ಸಂಜೆ ಬೀಗ ಹಾಕುವ ತನಕ ಅತ್ತಿಗೆ ಹಾಗೇ ಕೂತಿದ್ದರು.

ಮರುದಿನ ಮಾಲೀಕರ ಅಪ್ಪಣೆ ಬಂತು. ನಿಲ್ಲಲು ಆಗದವರು ಮಹಡಿಯ ಕೆಲಸಕ್ಕೆ ಯೋಗ್ಯರಲ್ಲ. ಕಾಲು ವಾಸಿಯಾಗುವವರೆಗೆ ಮನೆಯಲ್ಲಿರಲಿ. ವಾಸಿಯಾದ ಮೇಲೆ, ದಿನವಿಡೀ ನಿಲ್ಲಬಲ್ಲರು ಎಂದು ಡಾಕ್ಟರಿಂದ ಬರೆಸಿಕೊಂಡು ಬಂದರೆ ಯೋಚಿಸೋಣ. ಕೂರಲು ಬಿಡಿ ಎಂದು ಬರೆದ ಡಾಕ್ಟರ ಚೀಟಿಗೆ ಬೆಲೆ ಇರಲಿಲ್ಲ. ನಿಲ್ಲಬಲ್ಲರು ಎಂದು ಬರೆದರೆ ಅದಕ್ಕೆ ಬೆಲೆಯಂತೆ. ಥೂ, ನಾಚಿಕೆಗೆಟ್ಟವರು. ಹುಡುಗಿಯಾಗಿ ಬಂದು ತಲೆ ನರೆಯುವ ತನಕ ಅವರ ಬಟ್ಟೆ ಮಾರಿದ ಹೆಂಗಸಿಗೆ ಒಂದು ಒಳ್ಳೆಯ ಮಾತಿಲ್ಲ. ಅತ್ತಿಗೆ ಯೂನಿಫಾರ್ಮು ಕಳಚಿ, ಹೊಸ ಬೆಡ್‌ಶೀಟಿನ ಹಾಗೆ ನೀಟಾಗಿ ಮಡಚಿ, ಮೇಜಿನ ಮೇಲಿಟ್ಟು ಮೆಟ್ಟಿಲಿಳಿದರು.

ನಾನೂ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಹಾರಾಡಿದೆ. ಅತ್ತಿಗೆ ಒಪ್ಪಲಿಲ್ಲ. ಇಬ್ಬರೂ ಬಿಟ್ಟರೆ ಅಣ್ಣನೊಬ್ಬನ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ, ನಿನ್ನ ಸಿಟ್ಟಿಗೆ ಅಕ್ಕಿ ಬೇಯುವುದಿಲ್ಲ ಎಂದರು. ಅದಕ್ಕೇ ನಾನು ಇನ್ನೂ ಆ ಕುರ್ಚಿಯಲ್ಲಿದ್ದೇನೆ, ಹಲ್ಲು ಕಡಿಯುತ್ತಾ.

ಇನ್ನು ಕಾಲಿನ ವಿಷಯ. ವರ್ಷಗಟ್ಟಲೆ ಯಾವ ಮುಲಾಮಿಗೂ ಬಗ್ಗದ ಹುಣ್ಣು, ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಎದುರಿಗೆ ಇನ್ನೊಂದು ಕುರ್ಚಿಯ ಮೇಲೆ ಕಾಲು ಚಾಚಿದ್ದಕ್ಕೆ ಒಣಗತೊಡಗಿತು. ಅಂಚಿನಿಂದ ಹೊಸ ಚರ್ಮ ಬಂತು. ಕೊನೆಗೊಂದು ದಿನ ಪಟ್ಟಿಯೇ ಬೇಕಿಲ್ಲದ ಹಾಗೆ ಮಾಯಿತು. ಡಾಕ್ಟರಮ್ಮ ನೋಡಿದವರೇ, ಔಷಧ ಯಾವುದು ಹಚ್ಚಿದಿರಿ ಎಂದು ಕೇಳಲಿಲ್ಲ. ಅಂಗಡಿ ಬಿಟ್ರಾ ಎಂದು ಕೇಳಿದರು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಹಿಂದೆಯೇ ಸಿಟ್ಟು ಉಕ್ಕಿತು. ಇಷ್ಟೇ ಬೇಕಿದ್ದದ್ದು! ಒಂದು ಸ್ಟೂಲು. ಬೊಂಬೆಗೆ ಕೊಟ್ಟದ್ದು.

ಹುಣ್ಣು ಹೋದರೂ ಅಂಗಡಿ ಹೋಗಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಅತ್ತಿಗೆ ಕುರ್ಚಿಯಿಂದ ಚಂಗನೆ ಏಳುವರು. ಹಾಲಿನವನು ಬಂದರೂ ಅಷ್ಟೇ, ಪಕ್ಕದ ಮನೆಯವರು ಬಂದರೂ ಅಷ್ಟೇ. ಸಂಜೆ ನಾನು ಚಪ್ಪಲಿ ಬಿಡುವ ಸದ್ದಿಗೆ ಎದ್ದು ನಿಂತು, ಕೈಗಳನ್ನು ಮುಂದೆ ಜೋಡಿಸಿ, ಗಿರಾಕಿಗೆ ಕಾಯುವ ಹಾಗೆ ನಿಂತಿರುವರು. ನಾನೇ ಅತ್ತಿಗೆ, ಕೂತ್ಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ತಿಳಿದು ಮಾಡುವುದಲ್ಲ ಕಣೇ, ಮೈ ತಾನಾಗೇ ಏಳುತ್ತದೆ ಎನ್ನುವರು. ಗೋಡೆಯ ಮೇಲಿನ ಬೋರ್ಡನ್ನು ಒಂದು ಕಲ್ಲಿನಿಂದ ಒಡೆಯಬಹುದು. ಇದನ್ನು ಯಾವುದರಿಂದ ಒಡೆಯುವುದು ಎಂದು ನನಗೆ ತಿಳಿಯಲಿಲ್ಲ.

ಅತ್ತ ಅಂಗಡಿಯಲ್ಲಿ ಒಂದು ಸಂಗತಿ ನಡೆಯಿತು. ಅತ್ತಿಗೆ ಹೋದ ಮೇಲೆ ಹುಡುಗಿಯರು ಯಾರೂ ಕೆಳಗಿನ ಶೆಲ್ಫಿಗೆ ಬಾಗಲಿಲ್ಲ. ಹಾಗೆಂದು ಯಾರೂ ಮಾತಾಡಿಕೊಂಡದ್ದಲ್ಲ, ಇಬ್ಬರು ಒಟ್ಟಿಗೆ ನಿಂತು ಮಾತಾಡುವಂತೆಯೇ ಇಲ್ಲವಲ್ಲ. ಆದರೂ ಒಬ್ಬಳೂ ಬಾಗಲಿಲ್ಲ. ಕಾಲು ಸಿಡಿದರೂ ಸರಿ ಎಂದು ನೆಟ್ಟಗೆ ನಿಂತು ಮೇಲಿನ ಅಗ್ಗದ ಮಾಲನ್ನೇ ತೋರಿಸಿದರು. ದುಬಾರಿ ಬೆಡ್‌ಶೀಟುಗಳೆಲ್ಲ ಕೆಳಗೆ ಧೂಳು ತಿನ್ನುತ್ತಾ ಕೂತವು. ಹಳೆಯ ಗಿರಾಕಿಗಳು ಬಂದು, ಕೆಳಗಿನಿಂದ ಹುಡುಕಿ ಕೊಡುತ್ತಿದ್ದ ಆ ಅಕ್ಕ ಎಲ್ಲಿ ಎಂದು ಕೇಳಿ ಹೋದರು. ಮಾಲೀಕರು ಮತ್ತೆ ಕೈ ಹಿಂದೆ ಕಟ್ಟಿಕೊಂಡು ಬಂದು ಶೆಲ್ಫನ್ನು ನೋಡಿದರು. ಅದೃಷ್ಟ ಎಲ್ಲಿಗೆ ಹೋಯಿತು ಎಂದು ಅವರಿಗೆ ಕೊನೆಗೂ ಹೊಳೆದಿರಬೇಕು.

ದೊಡ್ಡ ರಿಯಾಯಿತಿ ಮಾರಾಟ ಶುರುವಾಗುವುದಕ್ಕೆ ಮುಂಚಿನ ರಜೆಯ ದಿನ. ಅಣ್ಣ ಪೇಪರ್ ಓದುತ್ತಿದ್ದ, ನಾನು ಸೊಪ್ಪು ಬಿಡಿಸುತ್ತಿದ್ದೆ, ಅತ್ತಿಗೆ ಕುರ್ಚಿಯಲ್ಲಿ ಕೂತು ದಿಂಬಿನ ಕವರಿಗೆ ಗುಂಡಿ ಹೊಲಿಯುತ್ತಿದ್ದರು. ಬಾಗಿಲಲ್ಲಿ ಮೆಲ್ಲಗೆ ಕೆಮ್ಮು ಕೇಳಿಸಿತು.

ತಲೆಯೆತ್ತದೆಯೇ ನನಗೆ ಗೊತ್ತಾಯಿತು ಯಾರೆಂದು. ಅತ್ತಿಗೆಯ ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದವು, ಮೈ ಅರ್ಧ ಮೇಲೆದ್ದಿತು. ಗುಂಡಿ ಕೆಳಗೆ ಬಿದ್ದು ಉರುಳಿತು. ಅವರು ಬಾಗಿಲ ಕಡೆ ನೋಡಿದರು, ನೋಡುತ್ತಾ ನೋಡುತ್ತಾ ಮೆಲ್ಲಗೆ ಹಿಂದಕ್ಕೆ ಕೂತರು. ಕೂತು ಬೆನ್ನನ್ನು ಕುರ್ಚಿಗೆ ಒರಗಿಸಿದರು.

ಅಣ್ಣ ಮರ್ಯಾದಸ್ಥ. ಮನೆಗೆ ಬಂದವರು ಶತ್ರುವೇ ಆದರೂ ಕೂರಿಸಬೇಕು ಎನ್ನುವವನು. ಪೇಪರ್ ಬಿಟ್ಟು ಇನ್ನೊಂದು ಕುರ್ಚಿಯನ್ನು ಎಳೆಯಲು ಎದ್ದ.

"ಬೇಡ ರೀ, ಬಿಡಿ" ಎಂದರು ಅತ್ತಿಗೆ. "ಅವ್ರು ಡ್ಯೂಟಿ ಮೇಲೆ ಬಂದಿದಾರೆ."

ಅಣ್ಣನ ಕೈ ಕುರ್ಚಿಯ ಮೇಲೆ ಹಾಗೇ ನಿಂತಿತು. ಕೆಮ್ಮಣ್ಣ ಹೊಸ್ತಿಲ ಒಳಗೆ ನಿಂತುಕೊಂಡೇ ಬಂದ ವಿಷಯ ಹೇಳಿದ. ಸೇಲು ಶುರುವಾಗುತ್ತದೆ, ಮಾಲೀಕರು ಬರಲಿ ಎಂದಿದ್ದಾರೆ, ಡಾಕ್ಟರ ಚೀಟಿ ಕೂಡ ಬೇಡವಂತೆ, ಕಾಲೂ ಹೇಗೂ ವಾಸಿಯಾಗಿದೆಯಲ್ಲ. ಅತ್ತಿಗೆ ಎಲ್ಲ ಕೇಳಿಸಿಕೊಂಡು, ಬೊಂಬೆ ಕೂರದ ಸ್ಟೂಲು ಇದ್ದರೆ ಬರುತ್ತೇನೆ ಎಂದರು. ಅವನು ದನಿ ತಗ್ಗಿಸಿದ. ನಿಮಗೊಬ್ಬರಿಗೆ ಹೇಗಾದರೂ ಮಾಡಬಹುದು ಅಕ್ಕಾ, ಕಣ್ಣಿಗೆ ಬೀಳದ ಹಾಗೆ ಮೂಲೆಯಲ್ಲಿ, ಬೇರೆ ಹುಡುಗಿಯರಿಗೆ ಹೇಳಬೇಡಿ ಅಷ್ಟೇ ಎಂದ.

"ರೂಲ್ಸು ಎಲ್ರಿಗೂ ಒಂದೇ ಅಂತ ನೀವೇ ಹೇಳಿದ್ರಲ್ಲ" ಎಂದರು ಅತ್ತಿಗೆ.

ಕೆಮ್ಮಣ್ಣ ಬಲಗಾಲಿನ ಮೇಲೆ ಭಾರ ಹಾಕಿ, ಎಡ ಹಿಮ್ಮಡಿಯನ್ನು ತುಸು ಎತ್ತಿದ. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸಿದ. ಬಾಗಿಲ ಚೌಕಟ್ಟಿಗೆ ಒರಗಲೆಂದು ಹೋದ ಭುಜವನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡ. ಆ ಅಂಗಡಿಯಲ್ಲಿ ಇವನಿಗೂ ಒಂದು ಕುರ್ಚಿ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಹೊಳೆದರೂ ನಾನು ಕುರ್ಚಿ ಕೊಡಲಿಲ್ಲ. ಇಷ್ಟು ವರ್ಷ ಅವನು ಕೆಮ್ಮಬೇಕಾಗಿದ್ದದ್ದು ನಮ್ಮ ಬೆನ್ನಿಗಲ್ಲ, ಮಾಲೀಕರ ಮುಖಕ್ಕೆ.

ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದ. ಎಲ್ಲರಿಗೂ ಸೇರಿಸಿ ಕೇಳಿ ಎಂದರು ಅತ್ತಿಗೆ. ಹೂಂ ಎಂದು ತಲೆ ತಗ್ಗಿಸಿ ಹೊರಟ. ಅವನು ಮೆಟ್ಟಿಲಿಳಿಯುವ ಸದ್ದು ಪೂರ್ತಿ ನಿಲ್ಲುವ ತನಕ ಅತ್ತಿಗೆ ಕದಲಲಿಲ್ಲ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದರು, ಬಿದ್ದಿದ್ದ ಗುಂಡಿಯನ್ನು ಹೆಕ್ಕಿಕೊಂಡರು, ಮತ್ತೆ ಬಂದು ಕೂತರು.